ಹಡಗಿನ ಹೊತ್ತು ಓದುವವಳು

ಜುಲೈ 23, ಬುಧವಾರ

ರಾಯಚೂರಿನಿಂದ ಮನೆಗೆ ಬಂದೆ. ಗಂಟಲೊಳಗಿನ ಗಂಟನ್ನು ತೆಗೆದಿದ್ದಾರೆ. ಕೆಟ್ಟದ್ದೇನಲ್ಲ, ಸಲಿಕೆ ಹಿಡಿಯುವವರ ಅಂಗೈ ಜಡ್ಡುಗಟ್ಟುತ್ತದಲ್ಲ, ಹಾಗೆ, ಎಂದರು ಡಾಕ್ಟರಮ್ಮ. ಎರಡು ವಾರ ಒಂದು ಅಕ್ಷರವೂ ಆಡಬಾರದು. ಪಿಸುಗುಟ್ಟುವುದು ಇನ್ನೂ ಕೆಟ್ಟದ್ದಂತೆ. ದನಿ ಮರಳಿ ಬರುತ್ತದೆಯೇ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. "ಮೊದಲು ಸುಮ್ಮನಿರ್ರಿ" ಎಂದರು.

ನನ್ನ ಕೆಲಸ ಸಿಂಧನೂರು ಬಸ್ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತು ಬಸ್ಸುಗಳನ್ನು ಕರೆಯುವುದು. ಕಂಟ್ರೋಲರ್ ಎನ್ನುತ್ತಾರೆ. ಹಗಲು ಹೊತ್ತು ಆ ಗಾಜು ಬಿಸಿಲಿಗೆ ಕನ್ನಡಿಯಾಗುತ್ತದೆ. ಒಳಗೆ ಇಣುಕಿದವರಿಗೆ ಕಾಣುವುದು ಅವರದೇ ಮುಖ. ಹಾಗಾಗಿ ಊರಿಗೆ ನಾನು ಮುಖವಲ್ಲ, ದನಿ. ದನಿ ಬರದಿದ್ದರೆ ಡಿಪೋದ ಟೈರ್ ವಿಭಾಗಕ್ಕೆ ಹಾಕುತ್ತಾರೆ. ಅಲ್ಲಿಗೆ ಹೋದವರು ಸ್ವಲ್ಪ ದಿನಕ್ಕೆ ಟೈರಿನ ಹಾಗೆಯೇ ಆಗುತ್ತಾರೆ, ಗೋಡೆಗೆ ಒರಗಿಕೊಂಡು.

ಜುಲೈ 25, ಶುಕ್ರವಾರ

ಬೆಳಿಗ್ಗೆ ಫೋನಿನಲ್ಲಿ ಆಕಾಶವಾಣಿ ಹಾಕಿದೆ. ಯಾರೋ ಭತ್ತದ ಸಸಿಮಡಿಯ ಬಗ್ಗೆ ಮಾತಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಂಟಲು ಬಿಗಿದು ನೋಯತೊಡಗಿತು. ನೋಡಿದರೆ ಅವರ ಮಾತಿನ ಜೊತೆಗೇ ಒಳಗೊಳಗೆ ನನ್ನ ಗಂಟಲೂ ಅಲ್ಲಾಡುತ್ತಿದೆ. ನನ್ನ ಹೆಂಡತಿ ದಾನೇಶ್ವರಿ ಫೋನ್ ಮಾಡಿ ಡಾಕ್ಟರಮ್ಮನನ್ನು ಕೇಳಿದಳು. ತಿಳಿಯುವ ಮಾತು ಕೇಳಿದರೆ ಕೆಲವರಿಗೆ ಹಾಗಾಗುತ್ತದಂತೆ. ಅದನ್ನೂ ಬಿಡಿ ಎಂದರಂತೆ.

ಸಂಜೆ ಶಾವಲಿ ಬಂದ. ನಿಲ್ದಾಣದ ಇನ್ನೊಂದು ಪಾಳಿಯ ಕಂಟ್ರೋಲರ್. ತಂತಿಯಿಲ್ಲದ ಇಯರ್‌ಫೋನು, ಕಿವಿಗೆ ಇಡುವ ಎರಡು ಬಿಳಿಯ ಗುಬ್ಬಿಗಳನ್ನು ತಂದು ಕೊಟ್ಟ, ಫೋನಿನಲ್ಲಿ ಒಂದು ಆ್ಯಪ್ ಹಾಕಿದ. ತೆರೆದರೆ ಭೂಮಿಯ ಗೋಲ. ಅದರ ಮೈಮೇಲೆಲ್ಲ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಊರಿನ ರೇಡಿಯೊ.

"ತಿಳಿಯದ ಭಾಷಾ ಕೇಳ್ರಿ ಸಾಬ್" ಎಂದ. "ತಿಳಿಲಿಲ್ಲಂದ್ರ ಜವಾಬು ಕೊಡೋ ಫಿಕರ್ ಇಲ್ಲ. ನಾ ಮನ್ಯಾಗ ಹಂಗ ಬದುಕಾಕತ್ತೀನಿ."

ನಗಬಾರದು ಎಂದು ಬಾಯಿಗೆ ಶಾಲು ಒತ್ತಿಕೊಂಡೆ.

ಜುಲೈ 27, ಭಾನುವಾರ

ಗೋಲವನ್ನು ಬೆರಳಿನಿಂದ ತಿರುಗಿಸುತ್ತ ಕೂತೆ. ಬೆಳಗಿನಿಂದ ಎಷ್ಟು ಊರು ಹಾದೆನೋ. ಒಂದರಲ್ಲಿ ಹಿತ್ತಾಳೆ ವಾದ್ಯಗಳ ಮೆರವಣಿಗೆ. ನಮ್ಮ ಮದುವೆ ಬ್ಯಾಂಡಿನವರೇ ಚಳಿಗೆ ಸಿಕ್ಕ ಹಾಗೆ. ಒಂದರಲ್ಲಿ ಯಾರೋ ಅಳುತ್ತಿದ್ದಾನೆ ಅಂದುಕೊಂಡೆ, ಹಾಡುತ್ತಿದ್ದ. ಒಂದರಲ್ಲಿ ಬರೀ ಜಾಹೀರಾತು. ಭಾಷೆ ಯಾವುದಾದರೇನು, ಮಾರುವವರ ದನಿ ಗೊತ್ತಾಗುತ್ತದೆ. ವಾಕ್ಯದ ಕೊನೆಗೆ ಹಲ್ಲು ಕಾಣುತ್ತದೆ.

ಯಾವುದರಲ್ಲೂ ನಿಲ್ಲಲಾಗುತ್ತಿಲ್ಲ. ಹಾಡು ಚೆನ್ನಾಗಿದೆ ಅನ್ನಿಸಿದ ಗಳಿಗೆಯಲ್ಲೇ ಪಕ್ಕದ ಚುಕ್ಕೆಯಲ್ಲಿ ಇದಕ್ಕಿಂತ ಚೆನ್ನಾದದ್ದು ಮುಗಿದುಹೋಗುತ್ತಿದೆ ಅನ್ನಿಸುತ್ತದೆ. ನಿಲ್ದಾಣದಲ್ಲಿ ಕೆಲವರು ಹೀಗೇ. ಸೀಟು ಹಿಡಿದು ಕೂತವರು, ಹಿಂದಿನ ಬಸ್ಸು ಮೊದಲು ಬಿಡಬಹುದು ಎಂದು ಇಳಿದು ಓಡುತ್ತಾರೆ. ಎರಡೂ ತಪ್ಪುತ್ತವೆ.

ಒಂದು ನಿಯಮ ಮಾಡಿಕೊಂಡೆ. ನಿರೂಪಕ ಬಾಯಿ ತೆರೆದ ಕೂಡಲೇ ಮುಂದಿನ ಊರು. ಎಲ್ಲರಿಗೂ ದನಿ ಇದೆ ಎಂಬುದನ್ನು ಯಾರೂ ನನಗೆ ಹೇಳಬೇಕಿಲ್ಲ.

ಜುಲೈ 28, ಸೋಮವಾರ

ವೈಫೈ ಚೆನ್ನಾಗಿ ಸಿಗುವುದು ಬೀದಿ ಬಾಗಿಲ ಬಳಿಯ ಪಡಸಾಲೆಯಲ್ಲಿ. ಅಲ್ಲಿ ಗೋಡೆಗೆ ಒರಗಿ, ಗಂಟಲಿಗೆ ಗಾಳಿ ತಾಗದಿರಲಿ ಎಂದು ಶಾಲು ಸುತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದೆ. ಅದು ಯೂನಿಯನ್‌ನವರು ಸನ್ಮಾನಕ್ಕೆ ಹೊದಿಸಿದ ಶಾಲು, ಕೇಸರಿ ಬಣ್ಣದ್ದು. ಪಾದಕ್ಕೆ ಏನೋ ತಣ್ಣಗೆ ತಾಗಿತು. ಕಣ್ಣು ತೆರೆದರೆ ಎದುರುಮನೆಯ ಕಸ್ತೂರೆಮ್ಮ ನನ್ನ ಕಾಲಿಗೆ ನೀರು ಹಾಕಿ ವಿಭೂತಿ ಹಚ್ಚುತ್ತಿದ್ದಾರೆ. ತಟ್ಟೆಯಲ್ಲಿ ಕಾಯಿ, ಬಾಳೆಹಣ್ಣು. ಹಿಂದೆ ಇನ್ನೂ ಇಬ್ಬರು ಹೆಂಗಸರು.

ಕಾಲು ಎಳೆದುಕೊಂಡು ಸ್ಲೇಟು ಹಿಡಿದು ಬರೆದೆ: ಇದು ಮೌನವ್ರತ ಅಲ್ಲ, ಗಂಟಲು ಆಪರೇಷನ್. ಕಸ್ತೂರೆಮ್ಮ ಕನ್ನಡಕ ತಂದಿರಲಿಲ್ಲ. ಸ್ಲೇಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

"ಏನ ಬರದಾರ ದಾನವ್ವ?"

ದಾನೇಶ್ವರಿ ನನ್ನನ್ನು ನೋಡಿದಳು, ಸ್ಲೇಟನ್ನು ನೋಡಿದಳು. "ಒಳ್ಳೇದಾಗ್ಲಿ ಅಂತ ಬರದಾರ್ರಿ."

ಅವರು ಹೋದ ಮೇಲೆ ನಾನು ಅವಳನ್ನು ಬರಿದೇ ನೋಡುತ್ತ ನಿಂತೆ. ಮಾತಿಲ್ಲದ ಸಿಟ್ಟಿಗೆ ಬೇರೆ ದಾರಿ ಇಲ್ಲ.

"ಗಂಟು ಅಂದ್ರ ಮಂದಿ ಏನರ ತಿಳ್ಕೊಂತಾರ್ರಿ" ಎಂದಳು. "ಯಾಕ ಮಾತಾಡವಲ್ರು ಅಂತ ಕೇಳಿದ್ರು. ಶ್ರಾವಣ ಅಲ್ಲೇನ್ರಿ ಅಂದೆ, ಅಷ್ಟ. ಮೌನ ಅನ್ನೋ ಮಾತು ನನ್ನ ಬಾಯಾಗ ಬಂದೇ ಇಲ್ಲ. ಉಳಿದಿದ್ದೆಲ್ಲಾ ಅವರ ಕಟ್ಟಿಕೊಂಡಾರ."

ಬಾಳೆಹಣ್ಣು ಚೆನ್ನಾಗಿತ್ತು.

ಜುಲೈ 30, ಬುಧವಾರ

ಅಕ್ಕಿ ಗಿರಣಿ ಚಾಲೂ ಆದರೆ ಕರೆಂಟು ಕುಸಿಯುತ್ತದೆ, ವೈಫೈ ಹೋಗುತ್ತದೆ. ಅರ್ಧ ಹಾಡು. ಬುಗುರಿಯ ಹಾಗೆ ಸುತ್ತುವ ಒಂದು ವರ್ತುಲ. ಅರ್ಧ ಹಾಡು.

ಆಗಸ್ಟ್ 1, ಶುಕ್ರವಾರ

ಊಟದ ನಂತರ ಗೋಲದ ತಲೆಯ ಕಡೆಗೆ, ಬರೀ ನೀಲಿ ಇದ್ದಲ್ಲಿ ಬೆರಳು ಜಾರಿತು. ಒಂಟಿ ಚುಕ್ಕೆ. ಊರಿನ ಹೆಸರಿನ ಅಕ್ಷರಗಳಿಗೆ ಮೇಲೆ ಕೆಳಗೆ ಏನೇನೋ ಗುರುತುಗಳು, ಓದಲಾಗಲಿಲ್ಲ. ಪಿಯಾನೊದಂಥದ್ದೇನೋ ಮೆಲ್ಲಗೆ ನುಡಿಯುತ್ತಿತ್ತು. ಅದು ನಿಂತಿತು. ಹೆಂಗಸೊಬ್ಬಳು ಮಾತಾಡತೊಡಗಿದಳು. ನಿಯಮದ ಪ್ರಕಾರ ಬೆರಳು ಎತ್ತಿದೆ.

ಎತ್ತಿದ ಬೆರಳು ಎತ್ತಿದಂತೆಯೇ ಇತ್ತು.

ವಯಸ್ಸಾದ ದನಿ. ಅವಸರವಿಲ್ಲ. ಚಿಕ್ಕ ಚಿಕ್ಕ ಸಾಲುಗಳು. ಪ್ರತಿ ಸಾಲಿನ ಮೊದಲ ಶಬ್ದವನ್ನು ಎಳೆದು, ಉಳಿದದ್ದನ್ನು ಸಮವಾಗಿ ಇಟ್ಟುಬಿಡುತ್ತಾಳೆ. ಪ್ರಾರ್ಥನೆಯೋ ಹವಾಮಾನವೋ ತಿಳಿಯಲಿಲ್ಲ. ಕೊನೆಗೆ ಸ್ವಲ್ಪ ತಡೆದು ಒಂದು ಸಣ್ಣ ಮಾತು ಹೇಳಿದಳು. ಮತ್ತೆ ಪಿಯಾನೊ.

ಗಂಟಲು ಬಿಗಿಯಲಿಲ್ಲ. ಹೃದಯದ ಗುರುತನ್ನು ಒತ್ತಿ ಆ ಚುಕ್ಕೆಯನ್ನು ಇಟ್ಟುಕೊಂಡೆ. ಇಟ್ಟುಕೊಂಡದ್ದು ಇದೊಂದನ್ನೇ.

ಆಗಸ್ಟ್ 2, ಶನಿವಾರ

ಅದೇ ಹೊತ್ತಿಗೆ ಅವಳು ಬಂದಳು.

ಆಗಸ್ಟ್ 4, ಸೋಮವಾರ

ಕಸ್ತೂರೆಮ್ಮನ ಪ್ರಚಾರ ಓಣಿ ದಾಟಿದೆ. ಇವತ್ತು ಒಬ್ಬ ಮೊಸರಿನ ಮುದುಕಿ ಬಂದಳು, ಗೊರೇಬಾಳದವಳು, ಗದ್ದೆಮ್ಮ ಅಂತೆ. ಗಡಿಗೆ ಇಳಿಸಿ, ಒಂದು ಬಟ್ಟಲು ಮೊಸರು ಮುಂದಿಟ್ಟು, ಕಂಬಕ್ಕೆ ಒರಗಿ ಕೂತಳು. ನನ್ನ ಹಡಗಿನ... ಅಲ್ಲ, ನನ್ನ ಆ ಹೆಂಗಸು ಬರುವ ಹೊತ್ತು. ಒಂದು ಕಿವಿಯ ಗುಬ್ಬಿಯನ್ನಷ್ಟೇ ತೆಗೆದೆ.

(ಹಡಗು ಎಂದು ಯಾಕೆ ಬರೆದೆ ತಿಳಿಯದು. ಹಿನ್ನೆಲೆಯಲ್ಲಿ ಒಮ್ಮೆ ಉದ್ದನೆಯ ಸೀಟಿ ಕೇಳಿದ ಹಾಗಾಗಿತ್ತು.)

"ಯಪ್ಪಾ, ಬಾಯಿ ಇದ್ದೋರ ಮುಂದ ಹೇಳಿದ್ರ ಊರಾಗೆಲ್ಲಾ ಆಕ್ಕೈತಿ" ಎಂದಳು ಮುದುಕಿ. "ನೀ ಆದ್ರ ಸುಮ್ಮಕಿರ್ತಿ. ನಿನಗ ಹೇಳಿದ್ದು ಅಲ್ಲೇ ಇರ್ತೈತಿ."

ಅವಳ ಮಗಳು ಮಹೇಶ್ವರಿಯನ್ನು ಮಸ್ಕಿಗೆ ಕೊಟ್ಟಿದೆ. ಈಗ ತುಂಬಿದ ಬಸುರಿ. ಚೊಚ್ಚಲು ತವರಲ್ಲಿ ಆಗಿ, ಕೂಸು ಉಳಿಯಲಿಲ್ಲ. ಆಗ ಗದ್ದೆಮ್ಮ ಮೊಸರು ಮಾರಲು ಸಿಂಧನೂರಿಗೆ ಬಂದಿದ್ದಳಂತೆ.

"ಮನಿಗೆ ಹೋಗಾದ್ರಾಗ ಎಲ್ಲಾ ಮುಗದಿತ್ತು. ಈಗ ಬೀಗರು ಕಳಸವಲ್ರು. ನಿಮ್ಮ ಮನಿ ನಮಗ ಆಗಿಬರಲ್ಲ ಅಂತಾರ. ಅನ್ಲಿ. ನಾನ ಹೋಗಿ ನೋಡ್ಕೊಂಡು ಬರ್ತೀನಿ, ದಿನಾ ಬಿಟ್ಟು ದಿನಾ. ಹೆರಿಗಿ ಹೊತ್ತಿಗೆ ಆಕಿ ಕೈ ಹಿಡಕೊಂಡು ನಾ ಇರಬೇಕು. ಅಷ್ಟ ನಾ ಕೇಳಾದು. ಹೆಚ್ಚಿಗಿ ಏನ ಕೇಳಿಲ್ಲ ನೋಡು."

ಇನ್ನೊಂದು ಕಿವಿಯಲ್ಲಿ ಸಾಲುಗಳು ಮುಗಿದು, ಸಣ್ಣ ಮಾತು ಬಂತು. ನಾನು ತಲೆಯಾಡಿಸಿದೆ, ಯಾರಿಗೆ ಎಂದು ಹೇಳಲಾರೆ. ಮುದುಕಿ ತನಗೇ ಎಂದು ತಿಳಿದು ಎದ್ದು ಹೋದಳು.

ಆಗಸ್ಟ್ 6, ಬುಧವಾರ

ರಾಯಚೂರು. ಬಾವು ಇನ್ನೂ ಇದೆ. ಇನ್ನೂ ಎರಡು ವಾರಕ್ಕಿಂತ ಹೆಚ್ಚು ಮೌನ. ಅಂದರೆ ಶ್ರಾವಣ ಮುಗಿಯುವವರೆಗೆ. ದಾನೇಶ್ವರಿಯ ಸುಳ್ಳು ಕೂಡಿಬಂತು.

ಸಂಜೆ ಶಾವಲಿ ಬಂದ. ಚಹಾ ಮುಗಿಯುವವರೆಗೆ ಮಳೆ, ಕಾಲುವೆ, ರಜೆಗಳ ಬಗ್ಗೆ ಮಾತಾಡಿದ. ಆಮೇಲೆ ಲೋಟ ನೋಡುತ್ತ ಹೇಳಿದ: "ರೆಕಾರ್ಡ್ ಹಾಕ್ಯಾರ ಸಾಬ್. ಯಾರೋ ಹುಡುಗಿ ದನಿ. ಕನ್ನಡದಾಗ ಒಮ್ಮೆ, ಇಂಗ್ಲೀಷಿನಾಗ ಒಮ್ಮೆ. ಚಹಾ ಕೇಳಂಗಿಲ್ಲ, ರಜಾ ಕೇಳಂಗಿಲ್ಲ. ಮ್ಯಾನೇಜರ್ ಖುಷ್ ಅದಾರ."

ಮೈಕು ಎಂದು ಬರೆದೆ.

"ಮೈಕ್ ಐತಿ. ಅರ್ಜೆಂಟ್ ಇದ್ರ ಅಂತ ಇಟ್ಟಾರ. ಬಟ್ಟಿ ಹೊದಿಸ್ಯಾರ."

ಒಳ್ಳೆಯದಾಯಿತು ಎಂದು ಬರೆದು ತೋರಿಸಿದೆ. ಸ್ಲೇಟಿನಲ್ಲಿ ದನಿ ನಡುಗುವುದು ಕಾಣುವುದಿಲ್ಲ.

ಆಗಸ್ಟ್ 7, ಗುರುವಾರ

ಬೆಳಗಿನಿಂದ ಗೋಲ ತಿರುಗಿಸಿದ್ದೇ ತಿರುಗಿಸಿದ್ದು. ಮರಳುಗಾಡಿನ ಒಂದು ತಂತಿವಾದ್ಯ ಚೆನ್ನಾಗಿತ್ತು. ಹತ್ತು ಜನ ಮುದುಕರು ಒಟ್ಟಿಗೆ ಹಾಡುವ ಗುಡ್ಡದ ಊರೊಂದು ಸಿಕ್ಕಿತು. ಒಳ್ಳೆಯ ಸ್ಟೇಷನ್ನನ್ನು ಗುರುತಿಸುವುದು ಈಗ ಅಭ್ಯಾಸವಾಗಿದೆ: ಹಾಡಿನ ತಲೆಯ ಮೇಲೆ ಮಾತಾಡುವುದಿಲ್ಲ, ಹಾಡು ಮುಗಿದ ಮೇಲೆ ಒಂದು ಉಸಿರಿನಷ್ಟು ಖಾಲಿ ಬಿಡುತ್ತದೆ. ಖಾಲಿ ಬಿಡುವುದು ಜೀವ ಇರುವವರು ಮಾತ್ರ. ಎಲ್ಲವನ್ನೂ ಅರ್ಧಕ್ಕೆ ಬಿಟ್ಟೆ. ಟೈರ್ ವಿಭಾಗದ ರಬ್ಬರಿನ ವಾಸನೆ ಮೂಗಿಗೆ ಬಂದ ಹಾಗಾಗುತ್ತಿತ್ತು.

ಮಧ್ಯಾಹ್ನದವರೆಗೆ ಹೀಗೆ. ಆಮೇಲೆ ಅವಳು ಬಂದಳು.

ಆಗಸ್ಟ್ 8, ಶುಕ್ರವಾರ

ದಾನೇಶ್ವರಿ ಶೇಂಗಾ ಬಿಡಿಸುತ್ತ ಪಕ್ಕದಲ್ಲಿ ಕೂತಿದ್ದಳು. "ದಿನಾ ಇದ ಹೊತ್ತಿಗೆ ಏನ ಕೇಳ್ತೀರಿ ಅಷ್ಟು?" ಎಂದು ಒಂದು ಗುಬ್ಬಿಯನ್ನು ತೆಗೆದು ತನ್ನ ಕಿವಿಗೆ ಇಟ್ಟುಕೊಂಡಳು. ಸ್ವಲ್ಪ ಕೇಳಿ, ನಕ್ಕಳು.

"ಇಕಿ ಟೈಮ್ ಹೇಳಾಕತ್ಯಾಳಲ್ರಿ. ಬಸ್ಸೋ ರೈಲೋ ಏನೋ. ಊರಿನ ಹೆಸರು ಎಳದು, ಟೈಮ್ ಗಿಡ್ಡ ಮಾಡಿ. ನೀವೂ ಹಿಂಗ ಮಾಡ್ತಿದ್ರಿ."

ಹೌದು. ಹೌದಲ್ಲ. ಊರು, ಹೊತ್ತು, ಊರು, ಹೊತ್ತು. ಸುತ್ತ ನೀರಿರುವ ಊರು, ಆ ಸೀಟಿ. ಹಡಗುಗಳು. ಯಾವ ಹಡಗು ಯಾವ ದಡಕ್ಕೆ ಎಷ್ಟು ಹೊತ್ತಿಗೆ. ಇಷ್ಟು ವರ್ಷ ಇದನ್ನೇ ಮಾಡಿದವನಿಗೆ ಒಂದು ವಾರ ಹೊಳೆಯಲಿಲ್ಲ. ಶೇಂಗಾ ಬಿಡಿಸುವ ಹೊತ್ತಿನಲ್ಲಿ ಅವಳಿಗೆ ಹೊಳೆಯಿತು.

"ಕೊನೀಗೆ ಏನೋ ಅಂದ್ಲು ನೋಡ್ರಿ" ಎಂದಳು ಮತ್ತೆ. "ಅದು ಹಾಳಿ ನೋಡಿ ಓದಿದ್ದಲ್ಲ. ತನ್ನದ ಏನೋ ಅಂದಿದ್ದು."

ಇವಳು ಬಸ್ ನಿಲ್ದಾಣದಲ್ಲಿ ನನ್ನ ದನಿ ಯಾವಾಗ ಕೇಳಿದ್ದಳು ಎಂದು ಬರೆದು ಕೇಳಿದೆ.

"ಕಾಯಿಪಲ್ಯಕ್ಕ ಬಂದಾಗೆಲ್ಲಾ ಜರಾ ನಿಂತು ಹೋಗ್ತಿದ್ದೆ" ಎಂದಳು, ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದಳು.

ಆಗಸ್ಟ್ 11, ಸೋಮವಾರ

ಗದ್ದೆಮ್ಮ ಬಂದಳು. ಇವತ್ತು ಸಿಟ್ಟಿನಲ್ಲಿದ್ದಳು. ಮೊನ್ನೆ ಮಸ್ಕಿ ಬಸ್ಸು ತಪ್ಪಿತಂತೆ.

"ಬಸ್‌ಸ್ಟ್ಯಾಂಡಿನಾಗ ಒಬ್ಬಾಂವ ಇದ್ದ, ಯಪ್ಪಾ. ಮಾರಿ ನೋಡಿಲ್ಲ ನಾ. ದನಿ ಅಷ್ಟ. ನಾ ಕಂಬದ ಹಿಂದ ಕುಂತು ಹಂಗ ಒಂದ ನಿದ್ದಿ ತಗೀತಿದ್ದೆ. ಕತ್ತಲಿದ್ದಾಗ ಎದ್ದು ಬಂದಿರ್ತೀನಿ, ಕಣ್ಣು ಹತ್ತತಾವ. ಅಂವ ಎರಡು ಸಲ ಸರ್ಕಾರಿ ಮಾತು ಅಂತಿದ್ದ. ಅದು ನಂಗ ಕೇಳ್ತಿದ್ದಿಲ್ಲ. ಆಮ್ಯಾಕ ಮೂರನೇ ಸಲ ಅಂತಿದ್ದ, ಮಸ್ಕಿಗೆ ಹೋಗೋರು ಹತ್ರೀ ಅಂತ. ನಮ್ಮ ಅಣ್ಣ ತಮ್ಮ ಕರದಂಗ. ಅದಕ್ಕ ಎಚ್ಚರ ಆಕ್ಕಿತ್ತು ನಂಗ."

ಎರಡೂ ಕಿವಿಯ ಗುಬ್ಬಿ ತೆಗೆದೆ.

"ಈಗ ಆ ದನಿ ಇಲ್ಲ. ಸತ್ತಾನೋ ಇದ್ದಾನೋ. ಒಂದ ಹುಡುಗಿ ಕೂಗ್ತೈತಿ, ಒಮ್ಮೆ. ಯಾರಿಗೋ ಕೂಗಿದಂಗ, ನಂಗಲ್ಲ. ನೀ ಜರಾ ನೋಡು, ಅಂವ ಎಲ್ಲಿದ್ರೂ ಆರಾಮ ಇರ್ಲಿ."

ನಿಯಮದ ಪ್ರಕಾರ ಕರೆ ಎರಡು ಸಲ. ಮೂರನೆಯದು ನನ್ನದೇ. ಗುಂಡಿಯಿಂದ ಬೆರಳು ಎತ್ತುವ ಮೊದಲು ಬಾಯಿಗೆ ಬರುತ್ತಿತ್ತು. ಹಿಂದೆ ಒಬ್ಬ ಮ್ಯಾನೇಜರು ಇದು ಸಂತೆಯಲ್ಲ ಎಂದು ಗದರಿಸಿದ್ದರು. ಕೇಳುವವರು ಇದ್ದಾರೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ.

ಹೇಳಬೇಕೆನಿಸಿತು. ನೀರು ಕುಡಿದೆ. ಸ್ಲೇಟು ತೊಡೆಯ ಮೇಲೇ ಇತ್ತು. ಅವಳಿಗೆ ಓದು ಬಾರದು. ಬಾರದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆನೋ ಏನೋ.

ಆಗಸ್ಟ್ 12, ಮಂಗಳವಾರ

ಏನೂ ಕೇಳಲಿಲ್ಲ. ಹಡಗಿನವಳನ್ನು ಮಾತ್ರ.

ಆಗಸ್ಟ್ 14, ಗುರುವಾರ

ಇವತ್ತು ಸಾಲಿನ ನಡುವೆ ಕೆಮ್ಮಿದಳು. ಮೈಕು ಮುಚ್ಚುವುದನ್ನು ಮರೆತಳು. ಒಣಕೆಮ್ಮು, ಒಂದರ ಹಿಂದೆ ಒಂದು. ಆಮೇಲೆ ನೀರು ಕುಡಿದ ಸದ್ದು, ಲೋಟ ಇಟ್ಟ ಸದ್ದು. ಮತ್ತೆ ಅದೇ ಊರಿನಿಂದ ಶುರುಮಾಡಿದಳು. ನನಗೆ ಏನೋ ಗೆದ್ದಷ್ಟು ಸಂತೋಷವಾಯಿತು. ದಾನೇಶ್ವರಿಗೆ ಬರೆದು ತಿಳಿಸಿದೆ.

"ಜಡ್ಡುಗಟ್ಟಿರಬೇಕು" ಎಂದಳು. "ಬಿಸಿನೀರು ಕುಡೀ ಅಂತ ಹೇಳಾಕ ಬರಂಗಿಲ್ಲಲ್ಲ."

ಆಗಸ್ಟ್ 16, ಶನಿವಾರ

ಚುಕ್ಕೆ ಇದೆ. ಒತ್ತಿದರೆ ಬುಗುರಿ ಸುತ್ತುತ್ತದೆ. ವೈಫೈ ಸರಿಯಿದೆ, ಬೇರೆ ಊರುಗಳು ಹಾಡುತ್ತಿವೆ.

ಆಗಸ್ಟ್ 17, ಭಾನುವಾರ

ಸುತ್ತುತ್ತದೆ. ರೂಟರನ್ನು ಆರಿಸಿ ಹಚ್ಚಿದೆ. ಕೇಬಲ್‌ನವನನ್ನು ಕರೆಸಿದೆ. "ಎಲ್ಲಾ ಬರಾಬ್ಬರಿ ಐತ್ರಿ ಸ್ವಾಮೇರ" ಎಂದು ಕಾಲಿಗೆ ನಮಸ್ಕಾರ ಮಾಡಿ ಹೋದ.

ಯಾರನ್ನು ಕೇಳುವುದು? ಆ ಊರಿನಲ್ಲಿ ನನಗೆ ಯಾರೂ ಇಲ್ಲ. ಅವಳ ಹೆಸರೂ ಗೊತ್ತಿಲ್ಲ. ಸತ್ತಳೋ ಇದ್ದಾಳೋ.

ಆಗಸ್ಟ್ 18, ಸೋಮವಾರ

ಅಂಗಳದಲ್ಲಿ ಗಡಿಗೆ ಇಳಿಸುವ ಸದ್ದು. ನಾನು ಫೋನಿನ ಬುಗುರಿ ನೋಡುತ್ತ ಕೂತಿದ್ದೆ, ಕಿವಿಯಲ್ಲಿ ಗುಬ್ಬಿ ಹಾಗೇ ಇತ್ತು. ಗದ್ದೆಮ್ಮ ಸಕ್ಕರೆ ಪುಡಿಕೆ ಬಿಚ್ಚಿ ಮುಂದೆ ಹಿಡಿದಳು.

"ಹೆಣ್ಣು ಕೂಸು. ಗಟ್ಟಿ ಐತಿ, ಒದರಿದ್ರ ಲಿಂಗಸೂರ ದವಾಖಾನಿ ಹೆಂಚು ಹಾರ್ತಾವ."

ಅದು ತಾರಸಿಯ ಕಟ್ಟಡ ಎಂದು ನನಗೆ ಗೊತ್ತು. ಕೈಮುಗಿದು ಸಕ್ಕರೆ ತೆಗೆದುಕೊಂಡೆ. ಅವಳು ಕಂಬಕ್ಕೆ ಒರಗಿ ಕೂತಳು.

"ಗುರುವಾರ ಅಳಿಯ ಫೋನ್ ಮಾಡಿದ, ಬ್ಯಾನಿ ಸುರು ಆಗ್ಯಾವ, ಲಿಂಗಸೂರಿಗೆ ಕರಕೊಂಡು ಹೊಂಟೀವಿ ಅಂತ. ಗಡಿಗಿ ಅಲ್ಲೇ ಯಾರದೋ ಮನ್ಯಾಗ ಇಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ. ಬಸ್ಸಿಗೆ ಇನ್ನೂ ಹೊತ್ತೈತಿ ಅಂದ್ರು. ಹಿಂದಿನ ರಾತ್ರಿ ಕಣ್ಣು ಮುಚ್ಚಿದ್ದಿಲ್ಲ. ಕುಂತೆ. ಕುಂತಾಕಿ ಹೋದೆ ನೋಡು ನಿದ್ದಿಗೆ. ಆ ಹುಡುಗಿ ಕೂಗಿತಂತ. ಎಲ್ಲಾರೂ ಹತ್ಯಾರ. ನಂಗ ಕೇಳಲೇ ಇಲ್ಲ."

ಮುಂದಿನ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಕೂಸು ಹುಟ್ಟಿತ್ತು. ಬೀಗಿತಿ ಎತ್ತಿಕೊಂಡು ಕೂತಿದ್ದಳಂತೆ. ಮಗಳು ಮೊದಲು ಕೇಳಿದ್ದು, ಈ ಸಲಾನೂ ಬರಲಿಲ್ಲಲ್ಲವ್ವ ನೀ, ಎಂದು.

"ನೀ ಕೂಸು ಕೊಟ್ಟಿ, ಖರೆ" ಎಂದಳು ಗದ್ದೆಮ್ಮ. ಸಿಟ್ಟಿರಲಿಲ್ಲ, ಪರಿಚಯದವರನ್ನು ಕೆಣಕುವ ಹಾಗೆ. "ಆದ್ರ ನಾ ಕೇಳಿದ್ದು ಕೈ ಹಿಡಕೊಂಡು ಇರಬೇಕಂತ. ಅದು ನಿನಗ ಕೇಳಲೇ ಇಲ್ಲೇನು? ಕಿವ್ಯಾಗ ಏನರ ಇಟ್ಕೊಂಡು ಕುಂತಿದ್ದಿ?"

ನಾನು ಗುಬ್ಬಿಗಳನ್ನು ತೆಗೆದು ಮುಷ್ಟಿಯೊಳಗೆ ಇಟ್ಟುಕೊಂಡೆ.

ಇನ್ನು ಗದ್ದೆಮ್ಮ ಬಾಣಂತನಕ್ಕೆ ಮಸ್ಕಿಯಲ್ಲೇ ಇರುತ್ತಾಳಂತೆ, ಬೀಗರು ಒಪ್ಪಿದ್ದಾರೆ; ಮೊಸರು ಮಾರಲು ಮಾತ್ರ ನಡುನಡುವೆ ಬಂದು ಹೋಗುತ್ತಾಳಂತೆ. ಬಟ್ಟಲ ತುಂಬ ಮೊಸರು ಹಾಕಿ ಹೋದಳು. ದಾನೇಶ್ವರಿ ಬಂದು ಏನಾಯಿತೆಂದು ಕೇಳಿದಳು. ಬಳಪ ಹಿಡಿದೆ. ಹೆಣ್ಣು ಕೂಸು ಎಂದಷ್ಟೇ ಬರೆದೆ.

ಆಗಸ್ಟ್ 21, ಗುರುವಾರ

ಚುಕ್ಕೆ ಹಾಡಿತು. ಪಿಯಾನೊ ನಿಂತಿತು. ಗಂಡಸು.

ಎಳೆಯ ದನಿ, ಅವಸರದ್ದು. ಊರಿನ ಹೆಸರುಗಳನ್ನು ನುಂಗುತ್ತಾನೆ. ಉಸಿರು ತೆಗೆದುಕೊಳ್ಳಬಾರದ ಕಡೆ ತೆಗೆದುಕೊಳ್ಳುತ್ತಾನೆ. ಕೊನೆಯಲ್ಲಿ ಆ ಸಣ್ಣ ಮಾತು ಇಲ್ಲ. ಅರ್ಧಕ್ಕೆ ಆರಿಸಿದೆ. ಹೃದಯದ ಗುರುತನ್ನೂ ತೆಗೆಯಲು ಹೋದೆ, ತೆಗೆಯಲಿಲ್ಲ, ಸೋಮಾರಿತನ.

ಆಗಸ್ಟ್ 23, ಶನಿವಾರ

ಶ್ರಾವಣ ಮುಗಿಯಿತು. ಮೌನ ಮುರಿಯುವಾಗಿನ ಮೊದಲ ಮಾತು ಕೇಳಲು ಓಣಿಯ ಹೆಂಗಸರು ಪಡಸಾಲೆ ತುಂಬ ಕೂತರು. ಡಾಕ್ಟರಮ್ಮನ ದಿನ ಸೋಮವಾರ. ನಾನು ಕೈಯಾಡಿಸಿ ಇಲ್ಲ ಎಂದೆ. 'ಅಮಾಸಿ ದಾಟಿಸ್ತಾರ' ಎಂದು ಕಸ್ತೂರೆಮ್ಮ ಎಲ್ಲರಿಗೂ ತಿಳಿಸಿದರು. ಭಕ್ತಿ ಹೆಚ್ಚಾಯಿತು.

ಆಗಸ್ಟ್ 25, ಸೋಮವಾರ

ಬಾವು ಇಳಿದಿದೆ. "ಆ ಅನ್ರಿ" ಎಂದರು. ಅಂದೆ. ಬಾಗಿಲ ಕೀಲು ತಿರುಗಿದ ಹಾಗೆ ಏನೋ ಬಂತು. ಇಷ್ಟೇ ಬರುವುದು, ಇನ್ನು ಸ್ವಲ್ಪ ಸುಧಾರಿಸಬಹುದು, ಮೊದಲಿನದು ಬರುವುದಿಲ್ಲ ಎಂದು ಡಾಕ್ಟರಮ್ಮ ಸುತ್ತಿಬಳಸದೆ ಹೇಳಿದರು. ದಿನಕ್ಕೆ ಸ್ವಲ್ಪ ಸ್ವಲ್ಪ. ಕೂಗಬಾರದು.

ಬರುವಾಗ ಬಸ್ಸಿನಲ್ಲಿ ದಾನೇಶ್ವರಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಾಲುವೆಯ ನೀರು ಹರಿದ ಗದ್ದೆಗಳಲ್ಲಿ ನಾಟಿ ಮುಗಿದು ಹಸಿರು ನಿಂತಿತ್ತು. "ಹಸಿವಾತೇನ್ರಿ?" ಎಂದಳು.

"ಹೂಂ" ಎಂದೆ.

ತಿರುಗಿ ನೋಡಿದಳು. "ಒಂದು ತಿಂಗಳು ಕಾದಿದ್ದು ಈ ಹೂಂಗೇನು?" ಎಂದಳು. ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡಳು. ನಗುತ್ತಿದ್ದಾಳೋ ಏನೋ, ನಾನು ನೋಡಲಿಲ್ಲ.

ಆಗಸ್ಟ್ 26, ಮಂಗಳವಾರ

ಕಸ್ತೂರೆಮ್ಮನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಪರೇಷನ್, ಗಂಟು, ರೇಡಿಯೊ. ಪೂರ್ತಿ ಕೇಳಿದರು.

"ನಂಗ ಗೊತ್ತಿತ್ತು ಪಂಪಣ್ಣ, ಕನ್ನಡಕ ಹಾಕ್ಕೊಂಡು ಬಂದ ದಿನಾನ ನಿಮ್ಮ ಸ್ಲೇಟ್ ಓದೀನಿ" ಎಂದರು. "ನೀವು ಸುಮ್ಮಕ ಕುಂತು ಕೇಳ್ತಿದ್ರಿ. ನಮ್ಮ ಓಣ್ಯಾಗ ಸುಮ್ಮಕ ಕುಂತು ಕೇಳೋರು ಯಾರ ಅದಾರ ಹೇಳ್ರಿ. ಅದಕ್ಕ ಬರ್ತಿದ್ವಿ."

ಯಾವಾಗ ಕೇಳಿದೆ ನಾನು?

ಸೆಪ್ಟೆಂಬರ್ 8, ಸೋಮವಾರ

ಇವತ್ತು ಕೆಲಸಕ್ಕೆ ಹಾಜರಾದೆ. ದನಿ ಕೇಳಿ ಮ್ಯಾನೇಜರು ತಲೆ ತಗ್ಗಿಸಿದರು. ಈ ತಿಂಗಳು ಕಂಟ್ರೋಲ್ ರೂಮಿನಲ್ಲೇ ಇರಿ, ಬಸ್ಸುಗಳ ಹೊತ್ತು ಬರೆದುಕೊಳ್ಳಿ, ರೆಕಾರ್ಡ್ ತನ್ನ ಪಾಡಿಗೆ ಕೂಗುತ್ತದೆ, ಮುಂದಿನದು ಆಮೇಲೆ ನೋಡೋಣ ಎಂದರು. ಟೈರ್ ಎಂಬ ಶಬ್ದವನ್ನು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ.

ಮೈಕಿನ ಮೇಲೆ ಬಟ್ಟೆ ಇತ್ತು. ಶಾವಲಿ ಹೋಗುವಾಗ ಅದನ್ನು ತೆಗೆದು ಮಡಚಿ ಮೇಜಿನ ಮೇಲಿಟ್ಟ. "ಧೂಳಾಗೈತಿ, ಒಗೀಬೇಕು" ಎಂದ, ಅಷ್ಟೇ.

ಊಟದ ಹೊತ್ತಿಗೆ ಗಾಜಿನಾಚೆ ಅವಳನ್ನು ಕಂಡೆ. ಕಂಬದ ಹಿಂದೆ, ಖಾಲಿ ಗಡಿಗೆಯ ಮೇಲೆ ತೋಳಿಟ್ಟು, ತೋಳಿನ ಮೇಲೆ ತಲೆಯಿಟ್ಟು ಗದ್ದೆಮ್ಮ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಒಂದು ಗಂಟು. ಕೂಸಿನ ಕುಲಾವಿಯ ಅಂಚು ಹೊರಗೆ ಕಾಣುತ್ತಿತ್ತು. ಮಸ್ಕಿ ಮೇಲೆ ಹೋಗುವ ಲಿಂಗಸುಗೂರು ಬಸ್ಸು ಬಂದು ನಿಂತಿತು. ರೆಕಾರ್ಡಿನ ಹುಡುಗಿ ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದಳು. ಜನ ಹತ್ತಿದರು. ಗದ್ದೆಮ್ಮ ಅಲುಗಲಿಲ್ಲ. ಕಂಡಕ್ಟರ್ ಬಾಗಿಲಿಗೆ ಕೈಹಾಕಿದ.

ಗುಂಡಿ ಒತ್ತಿದೆ.

"ಮಸ್ಕಿಗೆ ಹೋಗೋರು, ಹತ್ರೀ."

ನನ್ನ ಕಿವಿಗೇ ಬೇರೆ ಯಾರೋ ಅಂದ ಹಾಗೆ ಕೇಳಿತು. ಒಡಕು ದನಿ, ನಡುವೆ ಒಂದು ಅಕ್ಷರ ಗಾಳಿಯಾಗಿ ಹೋಯಿತು. ಮ್ಯಾನೇಜರ ಕೋಣೆಯ ಬಾಗಿಲು ತೆರೆದುಕೊಂಡಿತು, ಆಮೇಲೆ ಮುಚ್ಚಿಕೊಂಡಿತು. ಗದ್ದೆಮ್ಮ ಎದ್ದು ಕೂತಿದ್ದಳು. ಗಡಿಗೆ ಸೊಂಟಕ್ಕೆ ಏರಿಸಿ, ಗಂಟು ಎತ್ತಿಕೊಂಡು ಬಸ್ಸಿನ ಕಡೆ ಹೊರಟವಳು ಕಿಟಕಿಯ ಬಳಿ ನಿಂತಳು. ಗಾಜು ಬಿಸಿಲಿಗೆ ಹೊಳೆಯುತ್ತಿತ್ತು. ಕೆಳಗಿನ ಕಂಡಿಗೆ ಬಾಯಿ ತಂದಳು.

"ಹೊಸಾಂವೇನಪ್ಪ? ದನಿ ಒಡದೈತಿ ನಿಂದು. ಮೊದಲಿನಾಂವಂದು ಏನ ಇತ್ತು ಅಂತಿ." ಕಂಡಕ್ಟರ್ ಸೀಟಿ ಊದಿದ. "ಬಂದೆ, ತಡಿಯಲೇ. ಇರ್ಲಿ, ಕರದಿಯಲ್ಲ, ಸಾಕು. ಬಿಸಿನೀರು ಕುಡಿ."

ಇವತ್ತಿಗೆ ಆಡಬಹುದಾದ ಮಾತು ಇನ್ನೂ ಉಳಿದಿತ್ತು. ಹೂಂ ಎಂದೆ. ಅವಳು ಆಗಲೇ ಮೆಟ್ಟಿಲ ಮೇಲಿದ್ದಳು.

ಶಾವಲಿಗೆ ಪಾಳಿ ಬಿಟ್ಟು ಸ್ವಲ್ಪ ಬೇಗನೇ ಮನೆಗೆ ಬಂದೆ. ದಾನೇಶ್ವರಿ ಬಿಸಿನೀರು ಇಟ್ಟಳು, ಪಕ್ಕದಲ್ಲಿ ಕೂತು ಒಂದು ಗುಬ್ಬಿ ತನ್ನ ಕಿವಿಗೆ ಹಾಕಿಕೊಂಡಳು. ಆ ಚುಕ್ಕೆಯನ್ನು ಒತ್ತಿದೆ. ನಮಗೆ ಸಂಜೆಯಾದರೆ ಅವರಿಗೆ ಮಧ್ಯಾಹ್ನವಿರಬೇಕು, ಆಗಲೂ ಇನ್ನೊಂದು ಸಲ ಹೊತ್ತು ಓದುತ್ತಾರೆಂದು ಗೊತ್ತಿರಲಿಲ್ಲ. ಆ ಹುಡುಗನೇ. ಇವತ್ತು ಒಂದೆರಡು ಊರಿನ ಹೆಸರನ್ನು ಎಳೆದ. ಉಸಿರು ಇನ್ನೂ ತಪ್ಪು ಕಡೆಗೇ ತೆಗೆದುಕೊಳ್ಳುತ್ತಾನೆ. ಪೂರ್ತಿ ಕೇಳಿದೆವು. ಓದಿ ಮುಗಿಸಿದ ಮೇಲೆ, ಪಿಯಾನೊ ಶುರುವಾಗುವ ಮೊದಲು, ಸ್ವಲ್ಪ ತಡೆದ. ಏನೂ ಹೇಳಲಿಲ್ಲ.

ಹೊಸಬ. ನಾಳೆಯೂ ಕೇಳಿ ನೋಡಬೇಕು.